ಚಕ್ಕುಬಂದಿ

ಮಂಜೇಶ್ವರದ ಸಬ್‌ರಿಜಿಸ್ಟ್ರಾರ್ ಕಚೇರಿಯ ಎದುರು
ಮೂವತ್ತೊಂದು ವರ್ಷ ದಸ್ತಾವೇಜು ಬರೆದ ಕೈ ಇದು.
ಹಿತ್ತಿಲು, ಗದ್ದೆ, ಬಾವಿಯಲ್ಲಿ ಅರ್ಧ ಪಾಲು,
ದಾರಿಯ ಹಕ್ಕು, ನೀರು ಹರಿಯುವ ಕಣಿಯ ಹಕ್ಕು,
ಎಲ್ಲಕ್ಕೂ ನಾಲ್ಕು ಗಡಿ ಹಾಕಿದ್ದೇನೆ.
ಈಗ ಕನ್ನಡದಲ್ಲಿ ಬರೆಸುವವರು ತಿಂಗಳಿಗೊಬ್ಬರು;
ಆ ಒಬ್ಬರೂ ಕೆಮ್ಮುತ್ತ ಬರುತ್ತಾರೆ.

ಹಾಗೆ ಖಾಲಿ ಕೂತ ಒಂದು ಮಧ್ಯಾಹ್ನ
ರೋಶನ್ ಡಿಕುನ್ಹ ಮಂಗಳೂರಿಂದ ಬಂದ,
ಮೇಜಿನ ಮೇಲೆ ಕಡಲನ್ನು ಹಾಸಿದ.
ನೀಲಿ ಕಾಗದ, ನಡುವೆ ಒಂದು ಕೆಂಪು ಚೌಕ.
"ಇಲ್ಲಿಂದ ಅರುವತ್ತು ಮೈಲು ಪಡುವಣಕ್ಕೆ
ನೀರಿನಡಿ ಮಣ್ಣು, ಮಣ್ಣಿನಡಿ ಕಲ್ಲು,
ಕಲ್ಲಿನ ಹೊಟ್ಟೆಯಲ್ಲಿ ಗ್ಯಾಸು, ರೈಟರೇ.
ದೇಶಾಂತರದಲ್ಲಿ ಸಿಕ್ಕಿದರೆ ತರುವ ಖರ್ಚೇ ತಿನ್ನುತ್ತದೆ;
ಇದು ಮಾರ್ಕೆಟಿನ ಬಾಗಿಲಲ್ಲೇ ಉಂಟು.
ಮಂಗಳೂರಿನ ಕಾರ್ಖಾನೆಗಳು, ಬೆಂಗಳೂರಿನ ಅಡುಗೆಮನೆಗಳು
ಬಾಯಿ ತೆರೆದು ಕೂತಿವೆ. ಪೈಪು ಎಳೆದರಾಯ್ತು."

ಶೇರು ಒಂದಕ್ಕೆ ಹದಿನೆಂಟು ರೂಪಾಯಿ.

ಅವನು ಬಿಟ್ಟುಹೋದ ಪುಸ್ತಕ ಓದಿದೆ, ಕನ್ನಡಕ ಒರೆಸಿ ಒರೆಸಿ.
ಖಚಿತ ನಿಕ್ಷೇಪ, ಸಂಭಾವ್ಯ ನಿಕ್ಷೇಪ, ಆಮೇಲೆ ಬರೇ ಸಾಧ್ಯ.
ನಗು ಬಂತು. ಅಜ್ಜ ಬರೆದ ಪತ್ರಗಳಲ್ಲಿ
ಇದೆಲ್ಲ ಒಂದೇ ಉಸಿರಿಗೆ ಇತ್ತಲ್ಲ:
ನಿಧಿ ನಿಕ್ಷೇಪ ಜಲ ಪಾಷಾಣ
ಅಕ್ಷೀಣಿ ಆಗಾಮಿ ಸಿದ್ಧ ಸಾಧ್ಯ.
ಸಿಕ್ಕದ್ದನ್ನೂ ಸೇರಿಸಿ ಮಾರುವ ಮಂತ್ರ.
ನಾನೂ ಸಾವಿರ ಸಲ ಬರೆದಿದ್ದೇನೆ,
ಒಬ್ಬರ ಹಿತ್ತಿಲಲ್ಲೂ ಕೊಪ್ಪರಿಗೆ ಏಳಲಿಲ್ಲ.
ಆದರೂ ತೆಗೆದುಕೊಂಡೆ, ಎಂಬತ್ತು ಸಾವಿರಕ್ಕೆ.

ಹೊಸಬೆಟ್ಟಿನ ವಾರಿಜಕ್ಕ, ಮೀನಿನ ಏಲಂ ಕೂಗುವವಳು,
ಮನೆಪತ್ರದ ನಕಲಿಗೆ ಬಂದವಳು ಕೇಳಿದಳು:
"ಪೇಟೆ ಹತ್ತಿರ, ಸರಿ. ನಮ್ಮ ಬೂತಾಯಿಗೂ ಹತ್ತಿರವೇ,
ಐಸು ಕರಗುವ ಮೊದಲು ತಲಪಾಡಿ ದಾಟುತ್ತದೆ.
ಆದರೆ ಇದು ಬಲೆಯಲ್ಲಿ ಉಂಟಾ, ನೀರಲ್ಲಿ ಉಂಟಾ?"
ಸಾಧ್ಯ, ಅಂದೆ.
ಹೊರಗೆ ಹೋಗಿ ಎಲೆಯಡಿಕೆ ಉಗಿದು ಬಂದಳು.
"ಹಾಗಾದರೆ ನನಗೂ ಸ್ವಲ್ಪ. ಹತ್ತು ಸಾವಿರಕ್ಕೆ."

ಮಳೆ ಬಿಟ್ಟ ಮೇಲೆ ರಿಗ್ಗು ಬಂತಂತೆ.
ಇರುಳು ಪಡುವಣದಂಚಿನಲ್ಲಿ ಮಿಣುಕು ಕಂಡರೆ
ಅದೇ ಇರಬೇಕೆಂದು ಮರಳಲ್ಲಿ ನಿಂತು ನೋಡುತ್ತಿದ್ದೆ.
"ಅದು ಬೊಂಡಾಸ್ ಹಿಡಿಯುವ ಬೋಟು ರೈಟರೇ,"
ಐಸ್‌ಪ್ಲಾಂಟಿನ ಅಬ್ಬೋಕರೆ ಅಂದ,
ನನ್ನ ಆರೋಗ್ಯ ವಿಚಾರಿಸುವವನ ದನಿಯಲ್ಲಿ.

ಜನವರಿಯಲ್ಲಿ ಸುದ್ದಿ: ಕುರುಹು ಸಿಕ್ಕಿದೆ.
ಹದಿನೆಂಟು ನಲುವತ್ತೊಂದಾಯಿತು.
ಅದೇ ದಿನ ಒದ್ದೆ ಸೀರೆಯಲ್ಲೇ ಬಂದಳು ವಾರಿಜಕ್ಕ,
"ನನ್ನದು ಮಾರಿ ಕೊಡಿ."
ಕಾಯಿರಿ, ಇನ್ನೂ ಏರುತ್ತದೆ, ಅಂದೆ.
"ಇವತ್ತಿನ ಮೀನಿಗೆ ಇವತ್ತಿನ ಏಲಂ.
ನಾಳೆಗಿಟ್ಟರೆ ಏರುವುದು ನಾತ."

ನಾನು ಇಟ್ಟುಕೊಂಡೆ.
ಪತ್ರ ಬರೆಯುವವನ ಬುದ್ಧಿ,
ಕಾಗದ ಹಳತಾದಷ್ಟೂ ಗಟ್ಟಿ ಎಂಬ ನಂಬಿಕೆ.

ಮಾರ್ಚಿನಲ್ಲಿ ಒಂದು ಸಾಲು: ವಾಣಿಜ್ಯಕ್ಕೆ ಸಾಲದು.
ಇಲ್ಲ ಅನ್ನಲಿಲ್ಲ ನೋಡಿ.
ಉಂಟು, ಆದರೆ ಸಾಲದು.
ನಾಲ್ಕು ಮನೆಯ ದೋಸೆಗೆ ಸಾಕೋ ಏನೋ,
ಒಂದು ಊರಿನ ಹಸಿವಿಗೆ ಅಲ್ಲ.
ತೂತಿಗೆ ಸಿಮೆಂಟು ಸುರಿದು ರಿಗ್ಗು ಬೇರೆ ಕಡಲಿಗೆ ಹೋಯಿತು.
ಶೇರು ಎರಡು ರೂಪಾಯಿ ಮೂವತ್ತು ಪೈಸೆ.

ಮೊನ್ನೆ, ಕೆಲಸವಿಲ್ಲದ ಹೊತ್ತು,
ಹಾಳಾದ ಛಾಪಾಕಾಗದದ ಬೆನ್ನಿಗೆ
ನನ್ನ ಪಾಲಿನ ಪತ್ರ ಬರೆಯತೊಡಗಿದೆ.
ಪೂರ್ವಕ್ಕೆ ನೀರು. ದಕ್ಷಿಣಕ್ಕೆ ನೀರು.
ಪಶ್ಚಿಮಕ್ಕೆ ನೀರು.
ಉತ್ತರಕ್ಕೆ ಬಂದಾಗ ಪೆನ್ನು ನಿಂತಿತು.
ನೆರೆಯವನ ಹೆಸರಿಲ್ಲದೆ ಗಡಿ ನಿಲ್ಲುವುದಿಲ್ಲ,
ನೀರಿನ ಪಕ್ಕದ ನೀರು ಯಾರದು?

ವಾರಿಜಕ್ಕ ಹೆಗಲ ಮೇಲಿಂದ ಬಗ್ಗಿ ಓದಿದಳು,
ಕೂಡಿಸಿ ಕೂಡಿಸಿ, ಶಾಲೆಯ ಮಗುವಿನಂತೆ.
"ಬೂತಾಯಿಯದು ಅಂತ ಬರೆಯಿರಿ," ಅಂದಳು, ನಗದೆ.
ಬರೆದೆ.
ಸಾಕ್ಷಿಯ ಸಾಲಲ್ಲಿ ಅವಳೇ ಸಹಿ ಹಾಕಿದಳು.
ಕೈ ಎತ್ತಿದಾಗ ಕಾಗದದಲ್ಲಿ
ಒಂದು ಹುರುಪೆ ಅಂಟಿಕೊಂಡಿತ್ತು,
ಉಗುರಿನಷ್ಟು, ಹೊಳೆಯುತ್ತ.
ಉಜ್ಜಿದೆ. ಬಿಡಲಿಲ್ಲ.